ಲೇಔಟ್, ಕಟ್ಟಡ ಕೆಲಸ, ಮಳೆನೀರು: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ ಲೇಔಟ್, ಗೋದಾಮು, ರೈಸ್ ಮಿಲ್, ಶಾಲೆ ಕಟ್ಟಡ ಅಂತ ಹಲವು ಕೆಲಸಗಳಲ್ಲಿ ಸೈಟ್ ಎಂಜಿನಿಯರ್ ಆಗಿ ನಿಂತಿದ್ದೇನೆ. ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಆದರೆ ಕೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ರಸ್ತೆ ಹಾಕಿ, ಪ್ಲಾಟ್ ಮಾರಿ, ಮೊದಲ ದೊಡ್ಡ ಮಳೆಗೆ ನೀರು ನುಗ್ಗಿದ ಮೇಲೆ ಫೋನ್ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಜೆಸಿಬಿ ಬರುವ ಮೊದಲೇ ಓದಿ.

ನಮ್ಮದು ಬರದ ಸೀಮೆ. ಇಲ್ಲಿ ಮಳೆನೀರಿನ ಚಿಂತೆ ಯಾಕೆ?

ಇಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು, ನಿಜ. ಮಲೆನಾಡಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬೀಳುವ ಊರುಗಳಿವೆ. ಆದರೆ ಮಳೆ ಕಡಿಮೆ ಅಂದ ಮಾತ್ರಕ್ಕೆ ಅದು ಮೆಲ್ಲಗೆ ಬರುತ್ತದೆ ಅಂತಲ್ಲ. ಜೂನ್‌ನಲ್ಲಿ ಮಿರ್ಗಾ ಮಳೆ ಮುಖ ತೋರಿಸಿ ಹೋಗುತ್ತದೆ. ಜುಲೈ, ಆಗಸ್ಟ್ ಮೋಡ ನೋಡುತ್ತಲೇ ಕಳೆಯುತ್ತದೆ. ಆಮೇಲೆ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಅಂತ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಮ್ಮೆಲೇ ಸುರಿಯುತ್ತದೆ. ಹವಾಮಾನ ಇಲಾಖೆ ಒಂದು ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಅದನ್ನು ಭಾರೀ ಮಳೆ ಅನ್ನುತ್ತದೆ. ನಮ್ಮ ಕಡೆ ಅದರಲ್ಲಿ ಬಹುಪಾಲು ಒಂದೆರಡು ಗಂಟೆಯಲ್ಲೇ ಬಿದ್ದು ಮುಗಿಯುವುದುಂಟು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರವನ್ನು ಈ ಭಾಗದವರು ಯಾರೂ ಮರೆತಿಲ್ಲ. ತುಂಗಭದ್ರೆ, ಕೃಷ್ಣೆ ಎರಡೂ ಉಕ್ಕಿದವು. ಮಂತ್ರಾಲಯ ಮುಳುಗಿತು. ರಾಯಚೂರು, ಬಳ್ಳಾರಿ, ಕೊಪ್ಪಳದ ಎಷ್ಟೋ ಊರುಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಕುಸಿದವು.

ಬರದ ಸೀಮೆಗೆ ಇನ್ನೊಂದು ಕಷ್ಟ ಇದೆ. ಹಳ್ಳ ನಾಲ್ಕು ವರ್ಷ ಹರಿಯದಿದ್ದರೆ ಜನ ಅದನ್ನು ಮರೆತೇಬಿಡುತ್ತಾರೆ. ಐದನೇ ವರ್ಷ ಅದು ಬಂದಾಗ ಅಲ್ಲಿ ಮನೆ ಇರುತ್ತದೆ.

ಮಳೆ ಮೊದಲಿನಷ್ಟೇ ಬೀಳುತ್ತದೆ ಅಲ್ವಾ? ಲೇಔಟ್ ಆದ ಮೇಲೆ ನೀರು ಜಾಸ್ತಿ ಆಗೋದು ಹೇಗೆ?

ಬೀಳುವ ನೀರು ಅಷ್ಟೇ. ಇಂಗುವ ನೀರು ಕಡಿಮೆ ಆಗುತ್ತದೆ, ಹರಿಯುವ ನೀರು ಜಾಸ್ತಿ ಆಗುತ್ತದೆ. ಅದೂ ಬೇಗ ಹರಿಯುತ್ತದೆ.

ಒಂದು ಲೆಕ್ಕ ನೋಡಿ. 10 ಎಕರೆ ಹೊಲ, ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ. ಬಿದ್ದ ನೀರು ಸುಮಾರು 20 ಲಕ್ಷ ಲೀಟರ್. ಹೊಲವಾಗಿದ್ದಾಗ ಅದರಲ್ಲಿ 30% ಹರಿದು ಹೋಗುತ್ತದೆ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 6 ಲಕ್ಷ ಲೀಟರ್. ಅದೇ ಜಾಗದಲ್ಲಿ ರಸ್ತೆ, ಆರ್‌ಸಿಸಿ ಮನೆ, ಸಿಮೆಂಟ್ ಅಂಗಳ ಆದ ಮೇಲೆ 70% ಹರಿಯುತ್ತದೆ, ಅಂದರೆ ಸುಮಾರು 14 ಲಕ್ಷ ಲೀಟರ್. ಮೊದಲು ಸೆಕೆಂಡಿಗೆ 170 ಲೀಟರ್ ಹರಿಯುತ್ತಿದ್ದ ಕಡೆ ಈಗ 390 ಲೀಟರ್ ಹರಿಯುತ್ತದೆ. ಕೆಳಗಿನ ಮೋರಿ (ರಸ್ತೆಯ ಅಡಿಯಿಂದ ನೀರು ದಾಟುವ ಕಿಂಡಿ), ಕೆಳಗಿನ ಓಣಿಯ ಗಟಾರ, ಕೆಳಗಿನ ರೈತನ ಬದು ಮಾತ್ರ ಹಳೆಯವೇ.

ಎಂಜಿನಿಯರುಗಳು ಇದನ್ನು ಹರಿವಿನ ಗುಣಾಂಕ, ಮಳೆಯ ರಭಸ, ಜಾಗದ ವಿಸ್ತಾರ ಈ ಮೂರನ್ನು ಗುಣಿಸಿ ತೆಗೆಯುತ್ತಾರೆ. ಸೂತ್ರ ಸುಲಭ. ಮಳೆಯ ರಭಸದ ಅಂಕಿಯನ್ನು ಮಾತ್ರ ನಿಮ್ಮೂರಿನ ಮಳೆ ದಾಖಲೆಯಿಂದಲೇ ತೆಗೆಯಬೇಕು. ಬೆಂಗಳೂರಿನ ಲೆಕ್ಕ ತಂದು ಸಿರುಗುಪ್ಪದಲ್ಲಿ ಹಾಕಬೇಡಿ.

ಜಾಗ ಕೊಳ್ಳುವ ಮೊದಲೇ ನೀರಿನ ದಾರಿ ತಿಳಿಯೋದು ಹೇಗೆ?

ಮೊದಲು ಕಾಗದ. ಗ್ರಾಮ ನಕ್ಷೆ ತರಿಸಿ. ಹಳ್ಳ, ಕಾಲುವೆ, ಕೆರೆ, ಕಾಲುದಾರಿ ಎಲ್ಲವೂ ಅದರಲ್ಲಿ ಗೆರೆ ಎಳೆದು ತೋರಿಸಿರುತ್ತವೆ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಗುಂಟೆ ಅಂತ ನೋಡಿ. ‘ಬಿ’ ಖರಾಬು ಇದ್ದರೆ ಅದು ಹಳ್ಳವೋ ದಾರಿಯೋ ಆಗಿರುವ ಸಾಧ್ಯತೆ ಜಾಸ್ತಿ, ಮತ್ತು ಅದು ಮಾರುವವರ ಸ್ವತ್ತಲ್ಲ. ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ನೀವು ನಿಂತ ಜಾಗದಲ್ಲೇ ಗೆರೆಗಳು ಕಾಣುತ್ತವೆ. ಅದು ಅಂದಾಜಿಗೆ ಸರಿ. ಹದ್ದು ಗಟ್ಟಿ ಮಾಡಿಕೊಳ್ಳಲು ಸರ್ವೆಯರ್ ಬೇಕೇ ಬೇಕು.

ಆಮೇಲೆ ನೆಲ. ಜಾಗದ ಸುತ್ತ ಒಂದು ಕಿಲೋಮೀಟರ್ ನಡೆದು ಬನ್ನಿ, ಮೇಲಿನ ಕಡೆಗೂ ಕೆಳಗಿನ ಕಡೆಗೂ. ಬಯಲಿನಲ್ಲಿ ಜಾಲಿ ಗಿಡಗಳು ಒಂದೇ ಸಾಲಿಗೆ ಬೆಳೆದಿವೆಯಾ? ಅಲ್ಲಿ ತೇವ ಇದೆ, ನೀರು ಹರಿಯುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲದ ನಡುವೆ ಉಸುಕಿನ ಪಟ್ಟೆ ಇದೆಯಾ? ಅದನ್ನು ಹಳ್ಳವೇ ತಂದು ಹಾಕಿದ್ದು. ಹತ್ತಿರದ ರಸ್ತೆಯಲ್ಲಿ ಕಾರಣವೇ ಕಾಣದ ಕಡೆ ಒಂದು ಮೋರಿ ಕಟ್ಟಿದ್ದಾರಾ? ಕಾರಣ ಇದ್ದೇ ಕಟ್ಟಿರುತ್ತಾರೆ. ಆ ಮೋರಿಯ ಬಾಯಿ ಯಾವ ಕಡೆ ತಿರುಗಿದೆ ಅಂತ ನೋಡಿ.

ಕೊನೆಗೆ ಜನ. ಕೊಪ್ಪಳದ ಹತ್ತಿರ ಒಂದು ಜಾಗದಲ್ಲಿ ಏಪ್ರಿಲ್ ತಿಂಗಳು ಲೆವೆಲ್ ತೆಗೆಯುತ್ತಿದ್ದೆವು. ನೆಲ ಅಂಗೈಯಷ್ಟು ಸಪಾಟಾಗಿ ಕಾಣುತ್ತಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದರು. ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದರು. "ತಮ್ಮಾ, ಇಲ್ಲಿ ಹಳ್ಳ ಐತಿ. ಈಗ ಕಾಣಂಗಿಲ್ಲ ಅಷ್ಟ" ಅಂದರು. ನಮ್ಮ ಲೆವೆಲ್ ಲೆಕ್ಕ ಹಾಕಿದಾಗ ಆ ಗೆರೆಯ ಉದ್ದಕ್ಕೂ ನೆಲ ಒಂದೂವರೆ ಅಡಿ ತಗ್ಗಿತ್ತು. ಕಣ್ಣಿಗೆ ಕಾಣದಷ್ಟು ನಯವಾದ ಇಳಿಜಾರು. ಆ ಗೆರೆಯ ಮೇಲೆ ಒಂದು ಪ್ಲಾಟನ್ನೂ ಹಾಕಲಿಲ್ಲ, ರಸ್ತೆ ಮತ್ತು ತೆರೆದ ಕಾಲುವೆಯನ್ನು ಅಲ್ಲಿಗೆ ತಂದೆವು. ಈಗ ಪ್ರತಿ ಹೊಸ ಜಾಗದಲ್ಲೂ ಕುರಿಗಾಹಿಗಳನ್ನು ಹುಡುಕಿ ಕೇಳುತ್ತೇನೆ.

ಹಳ್ಳ ಬತ್ತಿ ಹೋಗಿದೆ. ಮುಚ್ಚಿ ಪ್ಲಾಟ್ ಮಾಡಬಹುದಾ?

ಬೇಡ. ಕಾನೂನಿನ ಮಾತು ಒತ್ತಟ್ಟಿಗಿರಲಿ, ನೀರು ಒಪ್ಪುವುದಿಲ್ಲ. ಹಳ್ಳ ಅಂದರೆ ಮೇಲಿನ ನೂರಾರು ಎಕರೆ ನೀರಿನ ದಾರಿ. ನೀವು ನಿಮ್ಮ ಎರಡು ಎಕರೆಯಲ್ಲಿ ಮುಚ್ಚಿದರೂ ಮೇಲಿನ ನೀರು ಬರುವುದು ಬಂದೇ ಬರುತ್ತದೆ.

ಹಳ್ಳವನ್ನು ಲೇಔಟಿನ ಒಳಗೇ ಸ್ವಲ್ಪ ತಿರುಗಿಸಬಹುದಾ ಅಂತಲೂ ಕೇಳುತ್ತಾರೆ. ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಇದ್ದರೆ, ಅಗಲ ಕಡಿಮೆ ಮಾಡದೆ, ಒಳಬರುವ ಮತ್ತು ಹೊರಹೋಗುವ ಜಾಗ ಬದಲಿಸದೆ ಮಾಡಿದ ಉದಾಹರಣೆಗಳಿವೆ. ಆದರೆ ನಾನು ಸಲಹೆ ಕೊಡುವುದಿಲ್ಲ. ಹಳ್ಳ ಇದ್ದಲ್ಲೇ ಇರಲಿ. ಎರಡೂ ದಂಡೆಗೆ ಗಿಡ ಹಾಕಿ ನಡೆದಾಡುವ ದಾರಿ ಮಾಡಿದರೆ ಅದೇ ಲೇಔಟಿನ ಚೆಂದದ ಜಾಗ ಆಗುತ್ತದೆ. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಜನರನ್ನೆಲ್ಲ ಸೇರಿಸಿ ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆಸಿದರು. ಒಂದು ಹಳ್ಳವನ್ನು ಮತ್ತೆ ಹಳ್ಳ ಮಾಡಲು ಎಷ್ಟು ಕೈಗಳು ಬೇಕು ಅಂತ ಅಲ್ಲಿ ಹೋದವರು ಕಣ್ಣಾರೆ ನೋಡಿದ್ದಾರೆ.

ಎರೆ ಭೂಮಿ, ಮಸಾರಿ (ಕೆಂಪು ಮಣ್ಣಿನ) ಭೂಮಿ ಎರಡಕ್ಕೂ ಒಂದೇ ಉಪಾಯ ನಡೆಯುತ್ತದಾ?

ಖಂಡಿತ ಇಲ್ಲ. ನಮ್ಮ ಕಡೆ ಜಾಸ್ತಿ ತಪ್ಪು ಆಗುವುದೇ ಇಲ್ಲಿ.

ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿಗೆ ಗಟಗಟ ಇಳಿಯುತ್ತದೆ. ನೋಡಿದವರು "ಈ ನೆಲ ಎಷ್ಟು ನೀರು ಕುಡಿಯುತ್ತೆ" ಅಂದುಕೊಳ್ಳುತ್ತಾರೆ. ಎರಡು ಮಳೆ ಆದ ಮೇಲೆ ಮಣ್ಣು ಉಬ್ಬಿ, ಬಿರುಕು ಮುಚ್ಚಿ, ನೆಲ ಗಡಿಗೆಯ ಹಾಗೆ ಆಗುತ್ತದೆ. ಆಮೇಲೆ ಬಿದ್ದ ನೀರೆಲ್ಲ ಮೇಲೇ ನಿಲ್ಲುತ್ತದೆ ಅಥವಾ ಹರಿಯುತ್ತದೆ. ದೊಡ್ಡ ಮಳೆ ಬರುವುದೇ ಆಗ. ಇಂಥ ನೆಲದಲ್ಲಿ ನಾಲ್ಕು ಅಡಿ ಇಂಗುಗುಂಡಿ ತೋಡಿ ಕಲ್ಲು ತುಂಬಿದರೆ ಅದು ಇಂಗುಗುಂಡಿ ಅಲ್ಲ, ನೀರು ನಿಂತ ತಗ್ಗು. ತಳಪಾಯದ ಪಕ್ಕದಲ್ಲಿದ್ದರೆ ಮಣ್ಣು ಉಬ್ಬಿ ಗೋಡೆ ಸೀಳುತ್ತದೆ. ಎರೆಯಲ್ಲಿ ಇಂಗಿಸಲೇಬೇಕು ಅಂದರೆ ಎರೆ ಪದರ ದಾಟಿ ಕೆಳಗಿನ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಅಥವಾ ಸಡಿಲ ಕಲ್ಲಿನ ಪದರ ಮುಟ್ಟಬೇಕು. ತಳಪಾಯದಿಂದ 15–20 ಅಡಿ ದೂರ ಇರಬೇಕು.

ಮಸಾರಿ ಮಣ್ಣು ಬೇರೆ. ನೀರು ಬೇಗ ಇಂಗುತ್ತದೆ, ಆದರೆ ಮಣ್ಣೂ ಬೇಗ ಕೊಚ್ಚಿ ಹೋಗುತ್ತದೆ. ಸಂಡೂರು ಕಡೆಯ ಕೆಂಪು ಇಳಿಜಾರಿನಲ್ಲಿ ಹೊಸದಾಗಿ ಕಡಿದ ನೆಲಕ್ಕೆ ಒಂದೇ ಮಳೆ ಬಿದ್ದರೆ ಬೆರಳು ಗಾತ್ರದ ಕೊರಕಲು ಬೀಳುತ್ತದೆ. ಮೂರನೇ ಮಳೆಗೆ ಅದು ಮೊಣಕಾಲು ಆಳ ಆಗಿರುತ್ತದೆ.

ನಿಮ್ಮ ನೆಲ ಯಾವುದು ಅಂತ ತಿಳಿಯಲು ದೊಡ್ಡ ಯಂತ್ರ ಬೇಡ. ಒಂದಡಿ ಅಗಲ, ಎರಡಡಿ ಆಳದ ತಗ್ಗು ತೋಡಿ. ಸಂಜೆ ನೀರು ತುಂಬಿಸಿ ಬಿಡಿ. ಮರುದಿನ ಬೆಳಿಗ್ಗೆ ಮತ್ತೆ ತುಂಬಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಅಳೆಯಿರಿ. ಅರ್ಧ ಇಂಚೂ ಇಳಿಯದಿದ್ದರೆ ಇಂಗಿಸುವ ಆಸೆ ಬಿಟ್ಟು ನೀರು ಹಿಡಿದಿಡುವ ಹೊಂಡದ ಕಡೆ ಯೋಚಿಸಿ. ಮೊದಲ ದಿನದ ಅಳತೆ ನಂಬಬೇಡಿ, ಅದು ಬಿರುಕಿನ ಅಳತೆ.

ಕೆಲಸ ನಡೆಯುವಾಗ ಒಂದಿಷ್ಟು ಮಣ್ಣು ಹೋದರೆ ಏನಾಯ್ತು?

ಚರಂಡಿಗೆ ಹೋದ ಮಣ್ಣು ಅಲ್ಲೇ ಕೂರುತ್ತದೆ. ಎರಡಡಿ ಅಗಲ, ಎರಡಡಿ ಆಳದ ಕಾಂಕ್ರೀಟ್ ಚರಂಡಿಯ ತಳದಲ್ಲಿ ಮೂರನೇ ಒಂದು ಭಾಗ ಹೂಳು ಕೂತರೆ ಅದು ಸಾಗಿಸುವ ನೀರು ಸುಮಾರು 40% ಕಡಿಮೆ ಆಗುತ್ತದೆ. ಕೆರೆಗೆ ಹೋದ ಮಣ್ಣನ್ನು ತೆಗೆಯಲು ಒಂದು ತಲೆಮಾರು ಕಾಯಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದಾಗ ಅದರ ಸಾಮರ್ಥ್ಯ 133 ಟಿಎಂಸಿ. ಈಗ ಸುಮಾರು 105. ಉಳಿದ ಜಾಗವನ್ನು ಹೂಳು ತಿಂದಿದೆ. ಅದೆಲ್ಲ ಕಟ್ಟಡದ ಮಣ್ಣಲ್ಲ, ಹೊಲ, ಗುಡ್ಡ, ಗಣಿ ಎಲ್ಲ ಕಡೆಯಿಂದ ಬಂದದ್ದು. ಆದರೆ ನಿಮ್ಮೂರಿನ ಸಣ್ಣ ಕೆರೆಗೆ ಪಕ್ಕದ ಒಂದೇ ಲೇಔಟಿನ ಮಣ್ಣು ಸಾಕು.

ಒಂದು ಉತ್ತರಿ ಮಳೆಯಲ್ಲಿ ನನ್ನ ಕಣ್ಣೆದುರೇ ಆದದ್ದು ಹೇಳುತ್ತೇನೆ. ಭರ್ತಿಗೆ ತಂದ ಗರಸನ್ನು ಚರಂಡಿ ಬಾಯಿಯ ಹತ್ತಿರ ಸುರಿಸಿದ್ದೆವು. ಎರಡೇ ದಿನದ ಮಟ್ಟಿಗೆ ಅಂತ ನಾನೇ ಜಾಗ ತೋರಿಸಿದ್ದೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಕೆಳಗಿನ ಓಣಿಯಲ್ಲಿ ಹಿಮ್ಮಡಿ ಮುಳುಗುವಷ್ಟು ಕೆಂಪು ರಾಡಿ. ಶಾಲೆಗೆ ಹೊರಟ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ಒಂದು ಮನೆಯಲ್ಲಿ ಜೋಳದ ಚೀಲದ ತಳ ನೆಂದಿತ್ತು. ಆ ಚೀಲ ತುಂಬಿಕೊಟ್ಟೆವು, ಓಣಿ ತೊಳೆಸಿದೆವು. ಗರಸನ್ನು 50 ಅಡಿ ಆಚೆ ಹಾಕಿಸಿದ್ದರೆ ಅದೇನೂ ಆಗುತ್ತಿರಲಿಲ್ಲ.

ಸರಿ, ಮಣ್ಣು ತಡೆಯಲು ಸೈಟ್‌ನಲ್ಲಿ ಏನೇನು ಮಾಡಬೇಕು?

ಎಲ್ಲಕ್ಕಿಂತ ಮೊದಲು, ಇಡೀ ಜಾಗವನ್ನು ಒಂದೇ ಸಲ ಬೋಳು ಮಾಡಬೇಡಿ. ಜೆಸಿಬಿ ಬಾಡಿಗೆ ಉಳಿಯುತ್ತದೆ ಅಂತ 20 ಎಕರೆಯನ್ನೂ ಒಂದೇ ವಾರದಲ್ಲಿ ಕೆರೆದು ಹಾಕುತ್ತಾರೆ. ಆಮೇಲೆ ಕೆಲಸ ಎರಡು ವರ್ಷ ನಡೆಯುತ್ತದೆ. ಎರಡು ಹಸ್ತ ಮಳೆ ಬರಿಯ ನೆಲದ ಮೇಲೆ ಬೀಳುತ್ತದೆ. ಈಗ ಬೇಕಾದಷ್ಟು ಮಾತ್ರ ಕೆರೆಯಿರಿ. ಉಳಿದ ಕಡೆ ಹುಲ್ಲು, ಕಂಟಿ ಇದ್ದ ಹಾಗೇ ಇರಲಿ.

ಎರಡನೆಯದು, ಮೇಲಿನಿಂದ ಬರುವ ನೀರು ನಿಮ್ಮ ಸೈಟ್ ಒಳಗೇ ಬಾರದ ಹಾಗೆ ಮೇಲಿನ ಅಂಚಿಗೆ ಒಂದು ಕಾಲುವೆ ಕಡಿದು, ಆ ಮಣ್ಣಿನಿಂದಲೇ ಒಡ್ಡು ಹಾಕಿ. ಆ ನೀರು ಮೊದಲು ಎಲ್ಲಿ ಸೇರುತ್ತಿತ್ತೋ ಅಲ್ಲಿಗೇ ಹೋಗಿ ಸೇರಬೇಕು. ಸ್ವಚ್ಛ ನೀರು ಬೇರೆ, ರಾಡಿ ನೀರು ಬೇರೆ ಆದರೆ ಅರ್ಧ ಕೆಲಸ ಮುಗಿದ ಹಾಗೆ.

ಮೂರನೆಯದು ಕೆಳಗಿನ ಅಂಚಿನ ಬಟ್ಟೆ ಬೇಲಿ. ಗೂಟ ನೆಟ್ಟು ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆ) ಕಟ್ಟುವುದು. ಇಲ್ಲಿ ಒಂದು ಸಣ್ಣ ಸಂಗತಿಯಲ್ಲೇ ಎಲ್ಲ ಇದೆ: ಬಟ್ಟೆಯ ಕೆಳಗಿನ ಅರ್ಧ ಅಡಿ ನೆಲದೊಳಗೆ ಹೂತಿರಬೇಕು. ಬರೀ ನೆಲಕ್ಕೆ ತಾಗಿಸಿ ಕಟ್ಟಿದರೆ ನೀರು ಕೆಳಗಿನಿಂದ ನುಸುಳಿ ಮಣ್ಣನ್ನೆಲ್ಲ ಹೊತ್ತೊಯ್ಯುತ್ತದೆ. ನರ್ಸರಿಯ ಹಸಿರು ನೆರಳು ಬಲೆ ಕಟ್ಟಿ ಫೋಟೋ ತೆಗೆಸುವವರಿದ್ದಾರೆ. ಅದರ ಕಣ್ಣು ದೊಡ್ಡದು, ಎರೆ ಮಣ್ಣಿನ ಸಣ್ಣ ಕಣ ಅದರಲ್ಲಿ ನಿಲ್ಲುವುದೇ ಇಲ್ಲ.

ಕಾಲುವೆಯೊಳಗೆ ರಭಸ ಕಡಿಮೆ ಮಾಡಲು ಅಲ್ಲಲ್ಲಿ ಕಲ್ಲಿನ ತಡೆ ಹಾಕಿ. ನಡುಭಾಗ ತಗ್ಗು, ಎರಡೂ ಬದಿ ಎತ್ತರ ಇರಲಿ. ನಡುವೆ ಎತ್ತರ ಆದರೆ ನೀರು ಬದಿಯನ್ನು ಕೊರೆದುಕೊಂಡು ಹೋಗುತ್ತದೆ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡಕ್ಕೆ ಸಮ ಬರುವ ಹಾಗೆ ಅಂತರ ಇಡಿ. ಹೊಲದಲ್ಲಿ ಬದು ಹಾಕಿದ ಹಳೆಯ ರೈತರಿಗೆ ಇದನ್ನು ಕಲಿಸಬೇಕಾಗಿಲ್ಲ.

ಕೆರೆದ ನೆಲ 15 ದಿನ ಸುಮ್ನೆ ಬಿದ್ದಿರುತ್ತದೆ ಅಂದರೆ ಹುಲ್ಲು ಹರವಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಹುಲ್ಲಿಗೆ ಬರ ಇಲ್ಲ. ಗದ್ದೆಯಲ್ಲೇ ಸುಟ್ಟು ಹಾಕುವ ಹುಲ್ಲು ಅದು. ಒಂದೆರಡು ಇಂಚು ದಪ್ಪ ಹರವಿದರೆ ಹನಿಯ ಪೆಟ್ಟು ಮಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಹೂಳು ಹೊಂಡ. ಸೈಟಿನ ಅತಿ ತಗ್ಗಿನ ಮೂಲೆಯಲ್ಲಿ, ನೀರು ಹೊರಗೆ ಹೋಗುವ ಮೊದಲು ನಿಂತು, ಮಣ್ಣು ಕೂರಲು ಒಂದು ಜಾಗ. ಅಮೆರಿಕದಲ್ಲಿ ಒಂದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ನೆಲ ಕೆದಕುವ ಕೆಲಸಕ್ಕೆ ಮಳೆನೀರಿನ ಪರವಾನಗಿ ಬೇಕು. ಅಲ್ಲಿ ಹೂಳು ಹೊಂಡಕ್ಕೆ ಬಳಸುವ ಅಳತೆ ಎಕರೆಗೆ 3,600 ಘನ ಅಡಿ, ಅಂದರೆ ಸುಮಾರು 100 ಘನ ಮೀಟರ್. ನಮ್ಮ ಕಡೆಯೂ ಅದನ್ನೇ ಕನಿಷ್ಠ ಅಂತ ಹಿಡಿದುಕೊಂಡರೆ ನಷ್ಟ ಇಲ್ಲ. ಅರ್ಧ ತುಂಬುವಷ್ಟರಲ್ಲಿ ಹೂಳು ತೆಗೆಸಿ.

ಟಿಪ್ಪರ್ ಚಕ್ರದ ಮಣ್ಣು ರಸ್ತೆಗೆ ಬರುತ್ತದೆ. ಏನು ಮಾಡೋದು?

ಸೈಟಿನ ಬಾಗಿಲಲ್ಲಿ 50 ಅಡಿ ಉದ್ದಕ್ಕೆ ದಪ್ಪ ಕಡಿ (ಜಲ್ಲಿಕಲ್ಲು) ಹಾಸಿ. ಸಣ್ಣ ಕಡಿ ಎರೆ ಮಣ್ಣಿನಲ್ಲಿ ಹೂತು ಹೋಗುತ್ತದೆ, 2–3 ಇಂಚಿನದೇ ಬೇಕು, ಕೆಳಗೆ ಒಂದು ಪದರ ಜಿಯೋಟೆಕ್ಸ್‌ಟೈಲ್. ಒಳಗೆ ಬರಲು ಹೊರಗೆ ಹೋಗಲು ಅದೊಂದೇ ದಾರಿ ಇರಲಿ.

ಕಾಂಕ್ರೀಟ್ ಲಾರಿ ತೊಳೆದ ನೀರು, ಹಾರುಬೂದಿ ಇವೂ ಮಳೆನೀರಿನ ವಿಷಯವೇ?

ಹೌದು. ಕಾಂಕ್ರೀಟ್ ತೊಳೆದ ನೀರು ಸುಣ್ಣದ ನೀರಿನ ಹಾಗೆ ಸುಡುವಂಥದ್ದು, ಅದರ ಪಿಎಚ್ 12ರ ಹತ್ತಿರ ಇರುತ್ತದೆ. ಚರಂಡಿಗೆ ಬಿಟ್ಟರೆ ಕೆರೆಯ ಮೀನಿಗೆ ಕುತ್ತು. ಒಂದು ತಗ್ಗು ತೋಡಿ, ತಾಡಪಾಲು ಹಾಸಿ, ಅದರಲ್ಲೇ ತೊಳೆಸಿ. ನೀರು ಆರಿದ ಮೇಲೆ ಗಟ್ಟಿಯಾದದ್ದನ್ನು ಒಡೆದು ತೆಗೆಯಬಹುದು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇರುವುದರಿಂದ ರಾಯಚೂರು ಕಡೆ ಹಾರುಬೂದಿ ಇಟ್ಟಿಗೆ, ಹಾರುಬೂದಿ ಭರ್ತಿ ಸಾಮಾನ್ಯ. ಒಣಗಿದ್ದಾಗ ಗಾಳಿಗೆ ಹಾರುತ್ತದೆ, ನೆಂದಾಗ ಹಾಲಿನ ಹಾಗೆ ಹರಿಯುತ್ತದೆ. ಮುಚ್ಚಿಡದೆ ರಾಶಿ ಹಾಕಬೇಡಿ. ಡೀಸೆಲ್ ಬ್ಯಾರಲ್‌ಗಳಿಗೂ ಇದೇ ಮಾತು: ಎತ್ತರದ ಜಾಗ, ಮೇಲೊಂದು ಸೂರು, ಸುತ್ತ ಒಂದು ಸಣ್ಣ ಕಟ್ಟೆ.

ಚರಂಡಿ ಎಷ್ಟು ದೊಡ್ಡದಿರಬೇಕು? ಎಲ್ಲರೂ ಒಂದೂವರೆ ಅಡಿ ಹಾಕುತ್ತಾರೆ.

ಎಲ್ಲರೂ ಹಾಕುತ್ತಾರೆ ಅನ್ನುವುದು ಲೆಕ್ಕ ಅಲ್ಲ. ಮೇಲಿನ 10 ಎಕರೆ ಉದಾಹರಣೆಯಲ್ಲಿ ಸೆಕೆಂಡಿಗೆ 390 ಲೀಟರ್ ಬಂತಲ್ಲ? 300 ಅಡಿಗೆ ಒಂದಡಿ ಇಳಿಜಾರಿರುವ, ಎರಡಡಿ ಅಗಲ ಎರಡಡಿ ಆಳದ ಚರಂಡಿ, ಸ್ವಚ್ಛವಾಗಿದ್ದರೆ, ಮೇಲೆ ನಾಲ್ಕು ಇಂಚು ಬಿಟ್ಟು ತುಂಬಿ ಹರಿದರೆ ಸುಮಾರು ಅಷ್ಟೇ ಸಾಗಿಸುತ್ತದೆ. ಅಂದರೆ ಆ ಲೇಔಟಿನ ಕೊನೆಯ ಚರಂಡಿ ಎರಡಡಿಯದಾದರೂ ಇರಬೇಕು. ಮೇಲಿನ ಸಣ್ಣ ರಸ್ತೆಗೆ ಒಂದಡಿಯದು ಸಾಕಾಗಬಹುದು. ಎಲ್ಲ ಕಡೆ ಒಂದೇ ಅಳತೆ ಹಾಕಿದರೆ ಮೇಲೆ ದುಡ್ಡು ದಂಡ, ಕೆಳಗೆ ನೀರು ರಸ್ತೆಗೆ.

ಎರೆ ಭೂಮಿ ಸಪಾಟು. ಇಳಿಜಾರು ಸಿಗುವುದೇ ಕಷ್ಟ. ಲೆವೆಲ್ ಯಂತ್ರ ಇಡದೆ ಮೇಸ್ತ್ರಿಯ ಕಣ್ಣಂದಾಜಿಗೆ ಚರಂಡಿ ಕಟ್ಟಿಸಬೇಡಿ. ನೀರು ಸೆಕೆಂಡಿಗೆ ಎರಡಡಿಯಾದರೂ ಓಡಬೇಕು, ಇಲ್ಲದಿದ್ದರೆ ಹೂಳು ಅಲ್ಲೇ ಕೂರುತ್ತದೆ.

ಬಚ್ಚಲು ನೀರನ್ನೂ ಅದೇ ಚರಂಡಿಗೆ ಬಿಡಬಹುದಾ?

ಬೇಡ. ಮಳೆನೀರಿನ ಚರಂಡಿ ಹಳ್ಳಕ್ಕೆ, ಕೆರೆಗೆ ಹೋಗುತ್ತದೆ. ಒಳಚರಂಡಿ ಬೇರೆಯೇ ಇರಬೇಕು.

ಗುಡ್ಡದ ಬುಡದ ಜಾಗಕ್ಕೆ ಬೇರೆ ಏನಾದರೂ ಮಾಡಬೇಕಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರುಗಳು ಕಲ್ಲುಗುಡ್ಡಗಳ ಬುಡದಲ್ಲಿವೆ. ಬೋಳು ಬಂಡೆ ಅಂದರೆ ನೀರಿನ ಲೆಕ್ಕಕ್ಕೆ ಕಾಂಕ್ರೀಟ್ ಚಾವಣಿಯೇ. ಬಿದ್ದದ್ದೆಲ್ಲ ಕೆಲವೇ ನಿಮಿಷಗಳಲ್ಲಿ ಬುಡಕ್ಕೆ ಬರುತ್ತದೆ. ಹಾಗಾಗಿ ಗುಡ್ಡದ ಬುಡದುದ್ದಕ್ಕೂ ಒಂದು ಅಡ್ಡ ಕಾಲುವೆ ಮೊದಲು ಆಗಬೇಕು. ಕಾಂಪೌಂಡ್ ಗೋಡೆ ಕಟ್ಟಿ ನೀರು ತಡೆಯುತ್ತೇನೆ ಅನ್ನುವವರಿಗೆ ನನ್ನ ಉತ್ತರ ಒಂದೇ. ಒಂದು ಇಟ್ಟಿಗೆ ದಪ್ಪದ ಕಾಂಪೌಂಡ್ ಗೋಡೆ ಮೂರಡಿ ನೀರನ್ನು ತಡೆದು ನಿಲ್ಲಲಾರದು. ಅದು ಬಿದ್ದಾಗ ಬರೀ ನೀರಲ್ಲ, ಗೋಡೆಯೂ ಪಕ್ಕದವರ ಮೇಲೆ ಬೀಳುತ್ತದೆ. ಅದರ ಪಕ್ಕದಲ್ಲಿ ಕಾರ್ಮಿಕರ ಶೆಡ್ ಹಾಕುವುದಂತೂ ಯಾವ ಕಾರಣಕ್ಕೂ ಬೇಡ. ಶೆಡ್‌ನಲ್ಲಿ ಮಕ್ಕಳು ಮಲಗಿರುತ್ತಾರೆ.

ನಮ್ಮ ಹಿಂದಿನವರಿಗೆ ಗುಡ್ಡದ ನೀರಿನ ಬೆಲೆ ಗೊತ್ತಿತ್ತು. ಕಲ್ಲುಗುಡ್ಡದ ಇಳಿಜಾರು ಸೇರುವ ಕಡೆಯೇ ಕೆರೆಯ ಏರಿ ಕಟ್ಟಿದರು, ಏರಿಯ ಬದಿಗೆ ಕೋಡಿ ಬಿಟ್ಟರು. ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕಟ್ಟುವಾಗಲೇ ತೀರ್ಮಾನ ಮಾಡಿದ್ದರು.

ನೀರು ಹಿಡಿದಿಡುವ ಹೊಂಡಕ್ಕೆ ಜಾಗ ಬಿಟ್ಟರೆ ನಾಲ್ಕು ಪ್ಲಾಟ್ ಹೋಗುತ್ತವಲ್ಲ?

ಈ ಪ್ರಶ್ನೆ ಕೇಳದ ಡೆವಲಪರ್ ಇಲ್ಲ, ಮತ್ತು ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕೋಣ. ಅದೇ 10 ಎಕರೆಯಲ್ಲಿ ಹೊಸದಾಗಿ ಜಾಸ್ತಿ ಆದ ನೀರು 8 ಲಕ್ಷ ಲೀಟರ್. 65 ಅಡಿ ಉದ್ದ, 90 ಅಡಿ ಅಗಲ, 5 ಅಡಿ ಆಳದ ಹೊಂಡ ಅದನ್ನು ಹಿಡಿಯುತ್ತದೆ. 30–40ರ ಐದು ಪ್ಲಾಟ್‌ಗಳಷ್ಟು ಜಾಗ. ಬದಿಗೆ ಇಳಿಜಾರು ಕೊಟ್ಟರೆ ಇನ್ನೂ ಸ್ವಲ್ಪ.

ಆದರೆ ಇದಕ್ಕೆ ಪ್ಲಾಟ್ ಜಾಗವೇ ಬೇಕಾಗಿಲ್ಲ. ಪಾರ್ಕಿಗೆ ಹೇಗೂ ಜಾಗ ಬಿಡುತ್ತೀರಿ. ಎಷ್ಟೋ ಕಡೆ ಪಾರ್ಕನ್ನು ಮಾರಲು ಬಾರದ ಎತ್ತರದ ಮೂಲೆಗೆ ತಳ್ಳುತ್ತಾರೆ. ಅದನ್ನೇ ತಗ್ಗಿನ ಕಡೆ ಇಡಿ. ಪಾರ್ಕಿನ ಒಂದು ಭಾಗವನ್ನು ಸುತ್ತಲಿಗಿಂತ ಮೂರಡಿ ಆಳ ಮಾಡಿ, ಬದಿಗೆ ನಯವಾದ ಇಳಿಜಾರು, ಮೇಲೆ ಗರಿಕೆ ಹುಲ್ಲು ಹಾಕಿ. ವರ್ಷದ 350 ದಿನ ಅದು ಹುಡುಗರು ಕ್ರಿಕೆಟ್ ಆಡುವ ಮೈದಾನ. ದೊಡ್ಡ ಮಳೆಯ ದಿನ ಮಾತ್ರ ಹೊಂಡ. ಹೊರಹೋಗುವ ಪೈಪ್ ಸಣ್ಣದಿರಲಿ, ಮೊದಲು ಹೊಲದಿಂದ ಎಷ್ಟು ಹೋಗುತ್ತಿತ್ತೋ ಅಷ್ಟೇ ಹೋಗಬೇಕು. ಅದಕ್ಕೂ ಮೀರಿದ ಮಳೆ ಬಂದರೆ ಉಕ್ಕಿ ಹೋಗಲು ಕಲ್ಲು ಹಾಸಿದ ಕೋಡಿ ಒಂದಿರಲಿ. ಕೋಡಿ ಇಲ್ಲದ ಹೊಂಡ ಕಟ್ಟಲೇಬೇಡಿ.

ಹೊಂಡದಲ್ಲಿ ಸೊಳ್ಳೆ ಆಗಲ್ವಾ? ಮಕ್ಕಳು ಬಿದ್ದರೆ?

ನೀರು ಎರಡು ಮೂರು ದಿನದೊಳಗೆ ಪೂರ್ತಿ ಖಾಲಿ ಆದರೆ ಸೊಳ್ಳೆ ಆಗುವುದಿಲ್ಲ. ಮೊಟ್ಟೆ ಸೊಳ್ಳೆ ಆಗಲು ಒಂದು ವಾರದಷ್ಟು ಬೇಕು. ಪೈಪ್ ಬಾಯಿ ತಳಕ್ಕಿಂತ ಮೇಲಿದ್ದರೆ ಮೂಲೆಯಲ್ಲಿ ನೀರು ಉಳಿಯುತ್ತದೆ, ಅದನ್ನು ಸರಿ ಮಾಡಿಸಿ.

ಮಕ್ಕಳ ಮಾತು ಇನ್ನೂ ಮುಖ್ಯ. ನೆಟ್ಟಗೆ ಕಡಿದ ಬದಿ ಬೇಡ. ಒಂದಡಿ ಇಳಿಯಲು ಐದಡಿ ನಡೆಯುವಷ್ಟು ನಯವಾಗಿರಲಿ, ಬಿದ್ದ ಮಗು ತಾನೇ ಎದ್ದು ಬರುವಂತಿರಲಿ. ಪೈಪ್ ಬಾಯಿಗೆ ಸರಳಿನ ಜಾಲರಿ ಹಾಕಿ. ಕೆಲಸ ನಡೆಯುವಾಗಿನ ತಳಪಾಯದ ತಗ್ಗು, ಸಂಪ್ ತಗ್ಗು, ಹೂಳು ಹೊಂಡ ಎಲ್ಲಕ್ಕೂ ಬೇಲಿ ಇರಲೇಬೇಕು. ಮಳೆನೀರು ತುಂಬಿದ ತಗ್ಗಿನ ಆಳ ಮೇಲಿನಿಂದ ಕಾಣುವುದಿಲ್ಲ.

ನಾನು 30–40ರಲ್ಲಿ ಒಂದು ಮನೆ ಕಟ್ಟುವವನು. ನನ್ನಿಂದ ಏನಾಗುತ್ತದೆ?

1,000 ಚದರಡಿ ಚಾವಣಿ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,000 ಲೀಟರ್ ನೀರು ಸಿಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ನಮ್ಮ ಊರುಗಳಲ್ಲಿ ಇದನ್ನು ರಸ್ತೆಗೆ ಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೊದಲ ಹತ್ತು ನಿಮಿಷದ ಧೂಳಿನ ನೀರು ಹೊರಗೆ ಬಿಟ್ಟು, ಸೋಸಿ ಸಂಪ್‌ಗೆ ತುಂಬಿಸಿ. ಚಾವಣಿ ಮಳೆನೀರಿಗೆ ಐಎಸ್ 15797 ಅನ್ನುವ 2008ರ ಮಾರ್ಗಸೂಚಿ ಇದೆ, ನಿಮ್ಮ ಎಂಜಿನಿಯರ್‌ಗೆ ಹೇಳಿ. ಅಂಗಳಕ್ಕೆಲ್ಲ ಸಿಮೆಂಟ್ ಬೇಡ. ಗಾಡಿ ನಿಲ್ಲಿಸುವಷ್ಟಕ್ಕೆ ಶಹಾಬಾದ್ ಕಲ್ಲು ಹಾಸಿ, ಉಳಿದದ್ದಕ್ಕೆ ಮಣ್ಣು, ಗಿಡ. ಕೆಲಸ ನಡೆಯುವಾಗ ಉಸುಕು, ಕಡಿ ರಾಶಿಯನ್ನು ಗಟಾರದ ಮೇಲೆ ಹಾಕಿಸಬೇಡಿ. ಜಾಗ ಇಲ್ಲ ಅಂತ ಎಲ್ಲರೂ ಅಲ್ಲೇ ಹಾಕುತ್ತಾರೆ. ಸುತ್ತ ಎರಡು ಸಾಲು ಉಸುಕಿನ ಚೀಲ ಇಟ್ಟರೂ ಎಷ್ಟೋ ವಾಸಿ.

ಮೇಲಿನ ಲೇಔಟಿನ ನೀರೆಲ್ಲ ನಮ್ಮ ಹೊಲಕ್ಕೆ ನುಗ್ಗುತ್ತದೆ. ಕೇಳುವ ಹಕ್ಕು ನಮಗಿದೆಯಾ?

1882ರ ಈಸ್‌ಮೆಂಟ್ ಕಾಯಿದೆಯ (ಪಕ್ಕದವರ ಜಮೀನಿನ ಮೇಲೆ ಇರುವ ಹಕ್ಕುಗಳ ಕಾಯಿದೆ) ಪ್ರಕಾರ ಮೇಲಿನ ನೆಲದ ಮೇಲೆ ಸಹಜವಾಗಿ ಬಿದ್ದ ನೀರು ಕೆಳಗಿನ ನೆಲದ ಮೇಲೆ ಸಹಜವಾಗಿ ಹರಿಯಲು ಕೆಳಗಿನವರು ಬಿಡಬೇಕು. ಆ ‘ಸಹಜವಾಗಿ’ ಅನ್ನುವ ಮಾತಿನಲ್ಲೇ ನಿಮ್ಮ ಬಲ ಇದೆ. ಹೊಲದ ತುಂಬ ಹರಡಿ ಬರುತ್ತಿದ್ದ ನೀರನ್ನು ಒಂದೇ ಪೈಪಿಗೆ ಸೇರಿಸಿ ನಿಮ್ಮ ಬದುವಿಗೆ ಬಿಟ್ಟರೆ ಅದು ಸಹಜ ಹರಿವು ಅಲ್ಲ. ಫೋಟೋ, ವಿಡಿಯೋ, ತಾರೀಖು ಇಟ್ಟುಕೊಳ್ಳಿ. ಮೊದಲು ಡೆವಲಪರ್ ಜೊತೆ ಕೂತು ಮಾತಾಡಿ, ಆಮೇಲೆ ಅನುಮೋದನೆ ಕೊಟ್ಟ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. ನೀವೂ ಸಿಟ್ಟಿಗೆ ಒಡ್ಡು ಹಾಕಿ ನೀರನ್ನು ಪಕ್ಕದ ರೈತನ ಕಡೆ ತಿರುಗಿಸಬೇಡಿ.

ಅನುಮತಿಗಳಲ್ಲಿ ಮಳೆನೀರಿನ ಮಾತು ಎಲ್ಲಿ ಬರುತ್ತದೆ?

ಕೃಷಿ ಜಮೀನನ್ನು ಬೇರೆ ಬಳಕೆಗೆ ತಿರುಗಿಸಲು 1964ರ ಭೂ ಕಂದಾಯ ಕಾಯಿದೆಯ 95ನೇ ಕಲಂ. ಲೇಔಟ್ ನಕ್ಷೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಇಲ್ಲಿ ಹಳ್ಳ, ಕೆರೆ ಅಂಚು ಬಿಟ್ಟಿದ್ದೀರಾ, ಚರಂಡಿ ಎಲ್ಲಿ ಸೇರುತ್ತದೆ ಅಂತ ಕೇಳುತ್ತಾರೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಅದಕ್ಕೆ ಮೇಲಿದ್ದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯೂ ಬೇಕು. ಲೆಕ್ಕ ಹಾಕಲು ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಮಳೆನೀರು ಚರಂಡಿ ಕೈಪಿಡಿ, ರಸ್ತೆ ಬದಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 50 ಇವೆ. ನಕ್ಷೆಯಲ್ಲಿ ಚರಂಡಿ ಗೆರೆ ಎಳೆದರೆ ಸಾಲದು, ಆ ಗೆರೆ ಲೇಔಟಿನ ಗಡಿಯಲ್ಲಿ ನಿಂತುಬಿಟ್ಟಿದೆಯಾ ಅಂತ ನೋಡಿ. ಬಹಳಷ್ಟು ನಕ್ಷೆಗಳಲ್ಲಿ ಅಲ್ಲೇ ನಿಂತಿರುತ್ತದೆ. ಅಲ್ಲಿಂದ ಮುಂದೆ ಹಳ್ಳದವರೆಗೆ ಯಾರ ಜಾಗದಲ್ಲಿ, ಯಾವ ಒಪ್ಪಂದದ ಮೇಲೆ ಹೋಗುತ್ತದೆ ಅನ್ನುವುದು ಕಾಗದದಲ್ಲಿ ಇರಬೇಕು.

ಎಲ್ಲ ಮುಗಿದ ಮೇಲೆ ಯಾರು ನೋಡಿಕೊಳ್ಳಬೇಕು?

ನಗರಸಭೆ ಅಥವಾ ಪಾಲಿಕೆಗೆ ಹಸ್ತಾಂತರ ಆಗುವವರೆಗೆ ಡೆವಲಪರ್, ಆಮೇಲೆ ಅವರು. ನಡುವೆ ಯಾರೂ ಇಲ್ಲದ ಒಂದೆರಡು ವರ್ಷ ಬಂದೇ ಬರುತ್ತದೆ. ಆಗ ನಿವಾಸಿಗಳೇ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್ ಕೊನೆಗೆ ಒಮ್ಮೆ ಚರಂಡಿ ಹೂಳು ತೆಗೆಸಬೇಕು. ತೆಗೆದ ಹೂಳನ್ನು ದಂಡೆ ಮೇಲೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಒಳಗೆ ಹೋಗುತ್ತದೆ. ಅವತ್ತೇ ಗಾಡಿ ಮಾಡಿ ಸಾಗಿಸಿ.

ರಾತ್ರಿ ಜೋರು ಮಳೆ ಆಯಿತು. ಬೆಳಿಗ್ಗೆ ಸೈಟ್‌ನಲ್ಲಿ ಮೊದಲು ಏನು ನೋಡಬೇಕು?

ಮೊದಲು ಕಾರ್ಮಿಕರ ಶೆಡ್, ಕರೆಂಟ್ ವೈರ್, ತಗ್ಗುಗಳ ಬದಿ. ನೆಂದ ಎರೆ ಮಣ್ಣಿನ ತಗ್ಗಿಗೆ ಯಾರನ್ನೂ ಇಳಿಸಬೇಡಿ, ಬದಿ ಸದ್ದಿಲ್ಲದೆ ಜಾರುತ್ತದೆ. ಆಮೇಲೆ ಸೈಟಿನ ಹೊರಗೆ, ಕೆಳಗಿನ ಓಣಿಗೆ ಹೋಗಿ. ಅಲ್ಲಿ ನಿಮ್ಮ ಮಣ್ಣಿದ್ದರೆ ಅವರು ಬಂದು ಕೇಳುವ ಮೊದಲೇ ತೆಗೆಸಿ. ನಂತರ ಬೇಲಿ, ಕಲ್ಲಿನ ತಡೆ, ಹೂಳು ಹೊಂಡ ನೋಡಿ, ಎಲ್ಲಿ ಒಡೆದಿದೆ ಅಂತ ಗುರುತು ಮಾಡಿ.

ವಾಪಸ್ ಬರುವಾಗ ಗೋಡೆ, ಕಂಬಗಳ ಮೇಲೆ ರಾಡಿ ಬಿಟ್ಟ ಗೆರೆ ಹುಡುಕಿ. ಎರಡು ದಿನದ ಬಿಸಿಲಿಗೆ ಅದು ಮಾಸಿ ಹೋಗುತ್ತದೆ. ಅದರ ಮೇಲೆ ಕೆಂಪು ಪೇಂಟ್‌ನಿಂದ ಗೆರೆ ಎಳೆಸಿ, ಪಕ್ಕದಲ್ಲಿ ತಾರೀಖು ಬರೆಸಿ. ಮುಂದೆ ಅಲ್ಲಿ ಕಟ್ಟುವ ಪ್ರತಿ ಮನೆಯ ನೆಲಮಟ್ಟ ಆ ಗೆರೆಗಿಂತ ಒಂದೂವರೆ ಅಡಿಯಾದರೂ ಮೇಲಿರಲಿ.